ಪಂಪ್ ಶುರುವಾಗುವ ಮುಂಚಿನ ನೀರು

ನಾವಿದ್ದ ದೂರದೇಶದ ತಾರನಾಕಿ ಸೀಮೆಯಲ್ಲಿ ನಮ್ಮ ಪಕ್ಕದ ಮನೆ ಅಂದರೆ ಎರಡು ಹುಲ್ಲುಗಾವಲು ಆಚೆಗಿನದು. ಆ ಮನೆಯಾಕೆ ಅರವತ್ತು ದಾಟಿದವರು, ಹಸು ಸಾಕಿ ಹಾಲು ಮಾರುತ್ತಾರೆ. ಬೇಸಿಗೆಯಲ್ಲಿ ಪ್ಲಮ್ ಜಾಮ್ ಮಾಡಿ ಗಾಜಿನ ಜಾಡಿಯಲ್ಲಿ ಕೊಡುತ್ತಿದ್ದರು. ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ ಆ ಜಾಡಿ ತೊಳೆದು, ನಿಂಬೆಕಾಯಿ ಉಪ್ಪಿನಕಾಯಿ ತುಂಬಿ ವಾಪಸ್ ಕಳಿಸುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಜಾಡಿಗಳು ಮಾತ್ರ ಓಡಾಡುತ್ತಿದ್ದವು.

ಅವರ ಬೇಲಿಯಾಚೆ ಒಂದು ಹಳೆಯ ಗ್ಯಾಸ್ ಬಾವಿ ಇತ್ತು. ಗ್ಯಾಸ್ ಬರುವುದು ಕಡಿಮೆಯಾಗಿತ್ತು. ಮರಳು, ಒಂದಿಷ್ಟು ರಾಸಾಯನಿಕ ಬೆರೆಸಿದ ನೀರನ್ನು ಪಂಪಿನಿಂದ ಭಾರಿ ಒತ್ತಡದಲ್ಲಿ ಇಳಿಸಿ, ತೀರಾ ಆಳದ ಕಲ್ಲಿನಲ್ಲಿ ಬಿರುಕು ಬಿಡಿಸಿ ಗ್ಯಾಸ್ ಹೊರಡಿಸುವ ಕೆಲಸ ಶುರುವಾಗುವುದಿತ್ತು. ಆ ಕೆಲಸದ ಎಂಜಿನಿಯರುಗಳಲ್ಲಿ ನನ್ನ ಗಂಡನೂ ಒಬ್ಬರು.

ಕೆಲಸ ಶುರುವಾಗುವ ಹಿಂದಿನ ಸಂಜೆ ಪಕ್ಕದ ಮನೆಯಾಕೆ ಒಂದು ಜಾಡಿ ನೀರು ತಂದರು. ಅವರ ಬೋರಿನದು. ಅವರೂ ಹಸುಗಳೂ ಕುಡಿಯುವುದು ಅದನ್ನೇ.

"ಏನೂ ಆಗಲ್ಲ ಅಂತ ನಿನ್ನ ಗಂಡ ಹೇಳಿದ. ಆಗದೇ ಇರಲಿ," ಅಂದರು. "ಆದರೆ ಆಮೇಲೆ ನೀರು ಕೆಟ್ಟರೆ, ಮುಂಚೆ ಹೀಗಿತ್ತು ಅಂತ ತೋರಿಸೋಕೆ ನನ್ನ ಹತ್ತಿರ ಏನಾದರೂ ಬೇಕಲ್ಲ. ಕಂಪನಿಯವರು ಪರೀಕ್ಷೆಗೆ ತಗೊಂಡ ನೀರು ಅವರ ಹತ್ತಿರವೇ ಇರಲಿ."

ನಾನು ಪೇಟೆಯ ಆಸ್ಪತ್ರೆಯಲ್ಲಿ ನರ್ಸ್. ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಪೇಟೆಯ ನೀರು ಪರೀಕ್ಷೆಯ ಲ್ಯಾಬಿಗೆ ಕೊಡುತ್ತೇನೆ ಅಂದು ಫ್ರಿಜ್ಜಿನಲ್ಲಿಟ್ಟೆ.

ಬೆಳಿಗ್ಗೆ ನೋಡಿದರೆ ಜಾಡಿ ಅಡುಗೆಕಟ್ಟೆಯ ಮೇಲಿತ್ತು, ಕಂಠದವರೆಗೆ ಉಪ್ಪಿನಕಾಯಿ ತುಂಬಿಕೊಂಡು.

"ಅತ್ತೆ, ಇದರಲ್ಲಿದ್ದ ನೀರು?"

"ಕರಿಬೇವಿನ ಕುಂಡಕ್ಕೆ ಹಾಕಿದೆ. ಬರೀ ನೀರು ತಾನೇ? ಅವರ ಜಾಡಿ ಎಷ್ಟು ದಿನ ಅಂತ ಇಟ್ಕೊಳ್ಳೋದು? ಖಾಲಿ ಕೊಡೋಕಾಗತ್ತೇನೇ?"

ಗಂಡ ಆಗಲೇ ಸೈಟಿನಲ್ಲಿದ್ದರು. ಫೋನ್ ಮಾಡಿ ಹೇಳಿದೆ.

"ಎಂಜಿನಿಯರ್ ಮನೇಲೇ ನೀರು ಚೆಲ್ಲಿಬಿಟ್ಟರು ಅಂತಾರೆ ಕಣೇ. ಅಮ್ಮ ಗೊತ್ತಿಲ್ಲದೆ ಚೆಲ್ಲಿದ್ದು ಅಂದರೆ ಯಾರು ನಂಬ್ತಾರೆ?"

"ರೀ, ಪಂಪ್ ಶುರು ಮಾಡೋದನ್ನ ಮುಂದೂಡೋಕಾಗಲ್ವಾ?"

"ಉಪ್ಪಿನಕಾಯಿ ಅಂತ ಕಾರಣ ಹೇಳಲಾ? ಮಧ್ಯಾಹ್ನಕ್ಕೆ ಶುರು. ಅಷ್ಟರೊಳಗೆ ಹೋಗಿ ಇದ್ದದ್ದು ಇದ್ದಹಾಗೆ ಹೇಳು, ಮತ್ತೆ ನೀರು ಹಿಡಿದುಕೊಳ್ಳಲಿ."

ಆಸ್ಪತ್ರೆಗೆ ತಡವಾಗುತ್ತೆ ಅಂತ ತಿಳಿಸಿ ಹೊರಟೆ. ಅತ್ತೆಯೂ ಕಾರು ಹತ್ತಿದರು, ಬೇಡ ಅಂದರೂ ಜಾಡಿ ಬಿಡಲಿಲ್ಲ.

ಆಕೆ ಹಾಲು ಕರೆಯುವ ಶೆಡ್ಡನ್ನು ಪೈಪಿನಿಂದ ತೊಳೆಯುತ್ತಿದ್ದರು. ನಾನು ಹೇಳುತ್ತಿದ್ದಂತೆ ನೀರು ನಿಲ್ಲಿಸಿದರು. ಜಾಡಿ ನೋಡಿದರು, ನನ್ನನ್ನು ನೋಡಿದರು.

"ನಾನೇ ಚೆಲ್ಲಿದ್ದು ಕಣಮ್ಮ, ಇವಳನ್ನ ಬೈಬೇಡ," ಅಂದರು ಅತ್ತೆ, ಕನ್ನಡದಲ್ಲೇ. ನಾನು ಇಂಗ್ಲಿಷಿಗೆ ತಿರುಗಿಸಿದೆ.

ಆಕೆ ಕೈ ಒರೆಸಿಕೊಂಡು ಜಾಡಿ ತೆಗೆದುಕೊಂಡರು. "ಸುಳ್ಳು ಹೇಳೋರು, ಜಾಡಿ ಬಿದ್ದು ಒಡೆದುಹೋಯಿತು ಅಂತಿದ್ದರು," ಅಂದರು. "ಇಂಥದ್ದನ್ನ ಯಾರೂ ಕಟ್ಟಿ ಹೇಳಲ್ಲ."

ಹಾಗಂತ ನಗಲಿಲ್ಲ. ಒಳಗಿಂದ ಇನ್ನೊಂದು ಜಾಡಿ ತಂದು, ಬೋರಿನ ನಲ್ಲಿಯನ್ನು ಬಹಳ ಹೊತ್ತು ಹರಿಯಬಿಟ್ಟು ಆಮೇಲೆ ಹಿಡಿದರು. ನನ್ನ ಕೈಗೆ ಕೊಡಲಿಲ್ಲ. ಗಂಬೂಟಿನಲ್ಲೇ ಬಂದು ಕಾರಿನ ಮುಂದಿನ ಸೀಟಿನಲ್ಲಿ ಕೂತು, ಜಾಡಿ ತೊಡೆಯ ಮೇಲಿಟ್ಟುಕೊಂಡರು. ಅತ್ತೆ ಹಿಂದೆ. ಸೈಟಿನ ಗೇಟಿನ ಮುಂದೆ ಹಾದುಹೋಗುವಾಗ ಮರಳಿನ ಲಾರಿಗಳು ಸಾಲಾಗಿ ನಿಂತಿದ್ದವು. ಹೆಲ್ಮೆಟ್ ಹಾಕಿದ್ದ ನನ್ನ ಗಂಡ ಕೈ ಎತ್ತಿದರು. ಆಕೆಯೂ ಒಂದು ಕೈ ಎತ್ತಿದರು. ಇನ್ನೊಂದು ಕೈ ಮುಚ್ಚಳದ ಮೇಲೇ ಇತ್ತು. ಲ್ಯಾಬಿನ ಕೌಂಟರಿನಲ್ಲಿ ತಾವೇ ಕೊಟ್ಟರು. ಪಂಪ್ ಇನ್ನೂ ಶುರುವಾಗಿರಲಿಲ್ಲ.

ಕೆಲಸ ಮುಗಿದು ಲಾರಿಗಳು ಹೋದ ಮೇಲೆ ಮೊದಲಿನದರ ಜೊತೆ ಹೋಲಿಸೋಕೆ ಎರಡನೇ ಸಲದ ನೀರು ಲ್ಯಾಬಿಗೆ ಕೊಡಬೇಕಿತ್ತು. ಅದನ್ನೂ ಅವರೇ ಒಯ್ಯುತ್ತಾರೆ ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ನಾನು ಡ್ಯೂಟಿಗೆ ಹೊರಡುವ ಹೊತ್ತಿಗೆ ಬಾಗಿಲಿಗೆ ಬಂದರು. ಒಂದು ಕೈಯಲ್ಲಿ ಜಾಮ್, ಒಂದು ಕೈಯಲ್ಲಿ ನೀರು. ಜಾಮನ್ನು ಅತ್ತೆಗೆ ಕೊಟ್ಟು, ನೀರನ್ನು ನನ್ನ ಮುಂದೆ ಹಿಡಿದರು.

"ಹೋಗುವಾಗ ಕೊಟ್ಟುಬಿಡ್ತೀಯಾ? ನನಗೆ ಹಸು ನೋಡಬೇಕು."

ನಾನು ಜಾಡಿ ತೆಗೆದುಕೊಂಡು ನೇರವಾಗಿ ಕಾರಿನತ್ತ ನಡೆದೆ. ಅತ್ತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.