ಕೋಲ್ಕತ್ತದ ಮೈದಾನದಲ್ಲಿ ನೀರುಗಂಟಿಯ ಮಗಳು

ಕೋಲ್ಕತ್ತಕ್ಕೆ ಬಂದ ಮಾರನೆಯ ದಿನ ಬೆಳಿಗ್ಗೆ, ಗುರುತು ಪರಿಚಯವಿಲ್ಲದ ಮುದುಕರೊಬ್ಬರು ನನ್ನ ಎಡಗಾಲನ್ನು ಬೈದರು. ನಮ್ಮ ಫುಟ್‌ಬಾಲ್ ಕ್ಲಬ್ಬಿನ ಹೆಣ್ಣುಮಕ್ಕಳ ಅಭ್ಯಾಸ ನೋಡಲು ಆರು ಗಂಟೆಗೇ ಮಣ್ಣಿನ ಕುಡಿಕೆಯಲ್ಲಿ ಚಹಾ ಹಿಡಿದು ಬೇಲಿಗೆ ಒರಗಿ ನಿಂತಿದ್ದರು ಪುಣ್ಯಾತ್ಮರು. ಏನಂತೆ ಎಂದು ಪಕ್ಕದಲ್ಲಿದ್ದ ಶಿಖಾಳನ್ನು ಹಿಂದಿಯಲ್ಲಿ ಕೇಳಿದೆ. “ನಿನ್ನ ಎಡಗಾಲು ಇರೋದು ಬರೀ ನಿಲ್ಲೋದಕ್ಕಾ ಅಂತ ಕೇಳ್ತಿದ್ದಾರೆ” ಎಂದಳು. ನಾನು ದಂಗಾಗಿಬಿಟ್ಟೆ. ಊರಲ್ಲಿ ಬೈಸಿಕೊಂಡಿಲ್ಲವೆಂದಲ್ಲ. ಆದರೆ ಅದೆಲ್ಲ ನಾನು ಹಾಕಿದ ಚಡ್ಡಿಗೆ ಬಿದ್ದ ಬೈಗುಳ. ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ಬಸ್ಸಿನಲ್ಲಿ ನನ್ನ ಕೈಯಲ್ಲಿದ್ದ ಬೂಟು ನೋಡಿ ಕಂಡಕ್ಟರ್ “ಯಾರ್ದವ್ವ, ನಿಮ್ಮಣ್ಣಂದಾ?” ಎನ್ನುತ್ತಿದ್ದ. ಎಡಗಾಲಿನ ಪಾಸು ಸರಿಯಿಲ್ಲವೆಂದು ನಮ್ಮ ಕಡೆ ಒಂದು ನರಪಿಳ್ಳೆಯೂ ಬೈದಿರಲಿಲ್ಲ. ಅವತ್ತೆಲ್ಲ ಅದೇ ಖುಷಿಯಲ್ಲಿದ್ದೆ.

ನಾನು ಆಡುವುದು ಮಿಡ್‌ಫೀಲ್ಡಿನಲ್ಲಿ. ಮೈದಾನದ ನಟ್ಟನಡುವೆ ನಿಂತು, ಹಿಂದಿನವರಿಂದ ಚೆಂಡು ಪಡೆದು ಮುಂದಿನವರಿಗೆ ಹಂಚುವ ಕೆಲಸ. ಗೋಲು ಹೊಡೆದವಳ ಹೆಸರು ಪೇಪರಿನಲ್ಲಿ ಬರುತ್ತದೆ, ನನ್ನದು ಬರುವುದಿಲ್ಲ. ಅಪ್ಪನಿಗೆ ಇದನ್ನು ತಿಳಿಸಿ ಹೇಳುವುದು ಕಷ್ಟವಾಗಲಿಲ್ಲ. ಅವನು ನಮ್ಮೂರಿನ ನೀರುಗಂಟಿ, ನಾಲೆಯ ತೂಬು ಎತ್ತಿ ಮುಚ್ಚಿ ಗದ್ದೆಗದ್ದೆಗೆ ನೀರು ಬಿಡುವವನು. “ಓ, ನಮ್ ಕೆಲ್ಸವೇ ಅನ್ನು” ಎಂದಿದ್ದ. “ಆದ್ರೆ ಚೆಂಡು ಒದಿಯಕ್ಕೂ ಸಂಬ್ಳ ಕೊಟ್ಟಾರಾ?” ಅದನ್ನು ನಂಬಿಸಲು ಮಾತ್ರ ಮಂಡ್ಯದ ಹಾಸ್ಟೆಲು, ಬೆಂಗಳೂರಿನ ಕ್ಲಬ್ಬು ಎಲ್ಲ ದಾಟಿ ಇಲ್ಲಿಯವರೆಗೆ ಬರಬೇಕಾಯಿತು.

ಪುರುಲಿಯಾ ಕಡೆಯ ಶಿಖಾ ನಮ್ಮ ತಂಡದ ಎಡ ಅಂಚಿನಲ್ಲಿ ಓಡುವವಳು. ಒಂದು ಸಂದಿಯೊಳಗಿನ ಮನೆಯ ಮೂರನೇ ಮಹಡಿಯಲ್ಲಿ ನಮ್ಮಿಬ್ಬರಿಗೂ ಒಂದೇ ಕೋಣೆ. ಮೆಟ್ಟಿಲು ಹತ್ತುವಾಗಲೇ ಸಾಸಿವೆ ಎಣ್ಣೆಯ ಘಾಟು ಮೂಗಿಗೆ ಹೊಡೆಯುತ್ತದೆ. ಇಲ್ಲಿ ಎಲ್ಲದಕ್ಕೂ ಭಾತ್, ಅಂದರೆ ಬರೀ ಅನ್ನ, ಜೊತೆಗೆ ಮೀನು. ನಾನು ಊರಿಂದ ತಂದ ಹಿಟ್ಟಿನಲ್ಲಿ ಮುದ್ದೆ ಮಾಡಿ, ಅಗಿಯಬೇಡ, ನುಂಗು ಎಂದೆ. ಅವಳು ಅಗಿದಳು. ಹಲ್ಲಿಗೆ ಮೆತ್ತಿಕೊಂಡು, “ಇದು ಊಟವಾ, ಶಿಕ್ಷೆಯಾ?” ಎಂದು ಕೇಳಿದಳು.

ಮಾತಿನದು ಇನ್ನೊಂದು ಕಥೆ. ಇಲ್ಲಿಯವರು ಜಗಳವನ್ನೂ ಸಕ್ಕರೆ ಹಾಕಿ ಆಡುತ್ತಾರೆ, ನಾವು ಪ್ರೀತಿಯನ್ನೂ ಗದರಿಸಿಯೇ ಹೇಳುವವರು. ಅಪ್ಪ ಫೋನಿನಲ್ಲಿ “ಉಂಡ್ಯಾ?” ಎನ್ನುವುದು, ನಾನು “ಉಂಡೆ ಕಣಪ್ಪ, ಎಷ್ಟ್ ಸಲ ಕೇಳೀಯೆ?” ಎನ್ನುವುದು. ಶಿಖಾ ಗಾಬರಿಯಿಂದ, ಮನೆಯಲ್ಲಿ ಏನು ಗಲಾಟೆ ಎಂದು ಕೇಳುತ್ತಿದ್ದಳು. ಮೈದಾನಕ್ಕೆ ಬೇಕಾದ ಬಂಗಾಳಿ ಒಂದು ವಾರದಲ್ಲಿ ಬಂತು. ‘ಎದಿಕೆ’ ಎಂದರೆ ಈ ಕಡೆ, ‘ಛಾಡ್’ ಎಂದರೆ ಬಿಡು.

ಆಟವೇ ಕೈ ಕೊಟ್ಟಿತು. ನಮ್ಮ ಕೋಚನ್ನು ಎಲ್ಲರೂ ದಿದಿ, ಅಂದರೆ ಅಕ್ಕ, ಎಂದು ಕರೆಯುತ್ತೇವೆ. ಮೂರು ಪಂದ್ಯ ಮುಗಿದ ಮೇಲೆ ದಿದಿ ನನ್ನನ್ನು ವೀಡಿಯೊ ಮುಂದೆ ಕೂರಿಸಿದರು. “ನೋಡು. ಬಲಗಡೆ ತುಲಿಗೆ ಒಂದು, ಎಡಗಡೆ ಶಿಖಾಗೆ ಒಂದು. ಮತ್ತೆ ತುಲಿಗೆ ಒಂದು, ಶಿಖಾಗೆ ಒಂದು. ಏನಿದು, ಪ್ರಸಾದ ಹಂಚ್ತಿದ್ದೀಯಾ?” ನನಗೇ ಗೊತ್ತಿರಲಿಲ್ಲ, ದೇವರಾಣೆ. ಚಿಕ್ಕಂದಿನಲ್ಲಿ ಅಪ್ಪನ ಹಿಂದೆ ಬದುವಿನ ಮೇಲೆ ಓಡಾಡುತ್ತ ಕಲಿತದ್ದು ಅದು. ನಿನ್ನೆ ಆ ಗದ್ದೆ, ಇವತ್ತು ಈ ಗದ್ದೆ, ಒಬ್ಬರಿಗೇ ಎರಡು ಸಲ ಕೊಟ್ಟರೆ ಪಾಪ. ದಿದಿ ನನ್ನನ್ನು ಬೆಂಚಿಗೆ ಹಾಕಿದರು. ನನ್ನ ಕರಾರು ಇದ್ದದ್ದು ಆ ಸೀಸನ್ನಿಗೆ ಮಾತ್ರ. “ಕೊನೇ ಪಂದ್ಯದಲ್ಲಿ ಆಡಿಸ್ತೀನಿ. ನೀನು ಬೇಕೋ ಬೇಡವೋ ಅವತ್ತು ತೀರ್ಮಾನ” ಎಂದರು.

ಮಂಡ್ಯದಿಂದ ನನ್ನ ಹಳೆಯ ಪಿ.ಟಿ. ಮೇಷ್ಟ್ರು, “ಇಲ್ಲಿ ಮಕ್ಕಳಿಗೆ ಆಟ ಕಲಿಸೋ ಕೆಲಸ ಇದೆ, ಬಂದ್ಬುಡು” ಎನ್ನುತ್ತಲೇ ಇದ್ದರು. ಅಪ್ಪನ ಕಿವಿಗೂ ಹಾಕಿದ್ದರು. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಸೋತವಳೆಂದು ಊರಿನ ಬಸ್ಸು ಹತ್ತಬಾರದೆಂಬ ಹಟ ಒಂದು ಕಡೆ, ಅಪ್ಪನ ಹತ್ತಿರ ಇರಬಹುದಲ್ಲ ಎಂಬ ಆಸೆ ಇನ್ನೊಂದು ಕಡೆ. ಆ ವಾರ ಅಪ್ಪನ ಫೋನು ಬಂತು.

“ಆಡುದ್ಯಾ ಮಗಾ?”

“ಇಲ್ಲ ಕಣಪ್ಪ, ಕೂರ್ಸವ್ರೆ. ನಿನ್ನಂಗೆ ಎಲ್ರಿಗೂ ಸರದಿ ಮೇಲೆ ಕೊಟ್ಟೆ, ಅದ್ಕೆ.”

“ನಾನು ಸರದಿ ಮೇಲೆ ಕೊಡ್ತೀನಿ ಅಂತ ಯಾರ್ ಏಳಿದ್ರು ನಿಂಗೆ?”

“ನಾನೇ ನೋಡಿಲ್ವಾ?”

“ಏನ್ ನೋಡ್ದೆ ನೀನು, ಏಡಿ ಇಡೀತಾ ಕೂತಿದ್ದೆ. ಪೈರು ನೋಡಿ ಕೊಡೋದು ಕಣವ್ವ ನಾನು. ಒಡೆ ಬಂದಿರೋ ಗದ್ದೆಗೆ ಮೊದ್ಲು. ಮಿಕ್ಕೋವು ಎರಡ್ ದಿನ ಕಾದ್ರೆ ಸಾಯಕಿಲ್ಲ.”

ಹೊಡೆ ಬರುವುದೆಂದರೆ ಭತ್ತ ತೆನೆ ಕಟ್ಟುವ ಹೊತ್ತು. ಆಗ ನೀರು ತಪ್ಪಿದರೆ ಸಿಗುವುದು ಬರೀ ಜೊಳ್ಳು.

“ಬಾಕಿಯವ್ರು ಬೈಯಲ್ವಾ?”

“ಬೈದೆ ಬುಟ್ಟಾರಾ? ಊರೆಲ್ಲ ಉಗೀತದೆ. ನಮ್ಮಣ್ಣನೇ ಆರ್ ತಿಂಗ್ಳು ಮಾತು ಬುಟ್ಟಿದ್ದ. ಉಗಿಸ್ಕಳಾಕಾಗ್ದೋರು ತೂಬಿಗೆ ಕೈ ಆಕ್ಬಾರ್ದು.”

ಇಷ್ಟು ವರ್ಷ ಅಪ್ಪನ ಕೆಲಸವನ್ನು ನಾನು ತಪ್ಪು ತಿಳಿದಿದ್ದೆ. ಅವನು ಎಲ್ಲರಿಗೂ ಬೇಕಾದವನೆಂದು ಅಂದುಕೊಂಡಿದ್ದೆ.

ಕೊನೆಯ ಪಂದ್ಯ. ಅರ್ಧ ಗಂಟೆಯಲ್ಲೇ ಕಣ್ಣಿಗೆ ಬಿತ್ತು: ತುಲಿಯನ್ನು ಕಾಯುತ್ತಿದ್ದ ಎದುರಾಳಿ ಹುಡುಗಿ ಸೊಂಟಕ್ಕೆ ಕೈ ಕೊಟ್ಟು ಏದುಸಿರು ಬಿಡುತ್ತಿದ್ದಳು. ತುಲಿಗೆ ಕೊಟ್ಟೆ. ಮತ್ತೆ ತುಲಿಗೇ ಕೊಟ್ಟೆ. ಎಡಗಡೆಯಿಂದ ಶಿಖಾ “ಎದಿಕೆ! ಎದಿಕೆ!” ಎಂದು ಗಂಟಲು ಹರಿದುಕೊಳ್ಳುತ್ತಿದ್ದಳು. ಅಭ್ಯಾಸಬಲ, ನನ್ನ ಕಾಲು ತಾನಾಗಿ ಅವಳ ಕಡೆ ತಿರುಗುತ್ತಿತ್ತು. ತಡೆದೆ. ಮೂರನೇ, ನಾಲ್ಕನೇ, ಐದನೇ ಸಲವೂ ತುಲಿಗೇ. ಆರನೇ ಸಲ ತುಲಿ ಆ ಹುಡುಗಿಯನ್ನು ದಾಟಿ ಹೋಗಿ ನುಗ್ಗಿಸಿದ ಚೆಂಡು ಗೋಲಾಯಿತು. ಅದೊಂದೇ ಗೋಲಿನಲ್ಲಿ ಗೆದ್ದೆವು.

ವಾಪಸು ಬರುವಾಗ ಶಿಖಾ ಬಸ್ಸಿನಲ್ಲಿ ಬೇರೆ ಸೀಟು ಹಿಡಿದಳು. “ನಾನು ಮೈದಾನದಲ್ಲಿ ಇರಲೇ ಇಲ್ವಾ?” ಎಂದು ಕೇಳಿದಳು. “ಇದ್ದೆ. ಆದ್ರೆ ದಾರಿ ತೆರ್ಕೊಂಡಿದ್ದು ತುಲಿ ಕಡೆ” ಎಂದೆ. ಕ್ಷಮೆ ಕೇಳಲಿಲ್ಲ. ಮೂರು ದಿನ ಮಾತಿಲ್ಲ ಕತೆಯಿಲ್ಲ. ನಾಲ್ಕನೇ ದಿನ ಸೋಪು ಕೇಳಿದಳು, ಅಲ್ಲಿಗೆ ಸರಿಹೋಯಿತು.

ಅದೇ ದಿನ ದಿದಿ ಕರೆದು, ಇನ್ನೆರಡು ವರ್ಷ ನೀನು ಇಲ್ಲೇ ಎಂದರು. ಕುಣಿಯುತ್ತಲೇ ಮನೆಗೆ ಫೋನು ಮಾಡಿದೆ.

“ಉಳಿಸ್ಕಂಡ್ರು ಕಣಪ್ಪ! ಇನ್ನೆರಡು ವರ್ಸ!”

“ಭೇಷ್!” ಎಂದ. “ಅಂಗಾರೆ ಮಂಡ್ಯದ ಕೆಲ್ಸಕ್ಕೆ ಬರಕಿಲ್ಲ ಅನ್ನು.”

“ರಜಕ್ಕೆ ಬತ್ತೀನಲ್ಲಪ್ಪ.”

“ರಜಕ್ಕೆ ನೆಂಟ್ರೂ ಬತ್ತಾರೆ ಕಣವ್ವ” ಎಂದ. ಆಮೇಲೆ, “ಇರ್ಲಿ ಬುಡು, ಚೆನ್ನಾಗ್ ಆಡು” ಎಂದು ಫೋನು ಇಟ್ಟ.

ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತೆ. ಹೊರಗಡೆ ಶಿಖಾ ಬಾಗಿಲು ಬಡಿಯುತ್ತಿದ್ದಳು, ಏನಾಯಿತು, ಬೇಡ ಅಂದರಾ ಎಂದು. ಬೇಕು ಅಂದರು ಎಂದು ಕೂಗಿದೆ. ಬೇಡ ಅಂದಿದ್ದರೆ ಊರಿಗೆ ಹೋಗಲು ಒಂದು ನೆಪವಾದರೂ ಇರುತ್ತಿತ್ತು. ಹಟ ಹಿಡಿದು ಗೆದ್ದೆ. ಇನ್ನು ನನ್ನ ಮನೆಗೆ ನಾನೇ ನೆಂಟಳು.