ಕಹಿ ತಿನ್ನಿಸುತ್ತಿದ್ದ ಡಾಕ್ಟರು

ಚಮಚದಿಂದ ಗಾಜಿನ ಲೋಟ ತಟ್ಟುವ ಟಿಣ್ ಟಿಣ್ ಸದ್ದು ಕೇಳಿತೆಂದರೆ, ಇಂಗ್ಲೆಂಡಿನ ನಮ್ಮ ಬೀದಿಯ ಕನ್ಸಲ್ಟೆಂಟ್ ಡಾಕ್ಟರು ಉಪದೇಶಕ್ಕೆ ಎದ್ದರೆಂದೇ ಅರ್ಥ. ಯಾರೋ ಚೀನೀ ಸಹೋದ್ಯೋಗಿ ಅವರಿಗೆ ‘ಛೀ ಕೂ’ ಎಂಬ ಮಾತನ್ನು ಕಲಿಸಿದ್ದರು. ಅಕ್ಷರಶಃ ‘ಕಹಿ ತಿನ್ನು’. ಒಳಗಿನ ಅರ್ಥ, ಕಷ್ಟ ಸಹಿಸು. ಊರಿನಲ್ಲಿ ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳೂ ಸಫರಿಂಗ್ ಬಗ್ಗೆ ಹೇಳುತ್ತಿದ್ದರು. ಪಾಪ, ಅವರು ಉಪವಾಸವನ್ನಾದರೂ ಮಾಡುತ್ತಿದ್ದರು. ಡಾಕ್ಟರು ಟೀ ಸ್ವಲ್ಪ ಆರಿದ್ದರೂ ಮುಖ ಕಿವುಚಿ ಕಪ್ಪನ್ನು ಹಿಂದಕ್ಕೆ ತಳ್ಳುತ್ತಿದ್ದರು.

ಒಂದು ಭಾನುವಾರ ಅವರ ಮನೆಯ ಊಟಕ್ಕೆ ಅವರ ಕೈಕೆಳಗಿನ ಜೂನಿಯರ್ ಡಾಕ್ಟರ್, ಧಾರವಾಡದ ಹುಡುಗಿ, ಬಂದಿದ್ದಳು. ಏಳು ತಿಂಗಳ ಬಸುರಿ. ತಟ್ಟೆ ಹಿಡಿದು ನಿಂತೇ ಕೇಳಿದಳು: “ಸರ್, ಡ್ಯೂಟಿ ರೋಟಾದಾಗ ನನ್ನ ನೈಟ್ ಶಿಫ್ಟ್ ಅಷ್ಟು ತೆಗೀರಿ. ಕಾಲು ಬಾತಾವ್ರಿ.”

ಟಿಣ್ ಟಿಣ್. “ಛೀ ಕೂ, ಕಣಮ್ಮಾ! ನಮ್ಮ ಕಾಲದಲ್ಲಿ ನಾವು ತಿಂದಿಲ್ವಾ?”

“ಆವಾಗ ನೀವು ಬಸುರಿದ್ರೇನ್ರಿ, ಸರ್?”

ಎಲ್ಲರೂ ನಕ್ಕೆವು. ಅವರೂ ನಕ್ಕರು. ರೋಟಾ ಮಾತ್ರ ಬದಲಾಗಲಿಲ್ಲ. “ಡೋಂಟ್ ಬಿ ಸಿಲ್ಲಿ, ಬದಲಾಯಿಸಿಕೊಡಿ ಡಾಕ್ಟ್ರೇ” ಎನ್ನುವಷ್ಟು ಇಂಗ್ಲಿಷ್ ನನಗೂ ಬರುತ್ತಿತ್ತು. ಆದರೆ ನಾನು ಇನ್ನೊಂದು ಸೌಟು ಪಾಯಸ ಬಡಿಸಿಕೊಂಡೆ. ಹೆರಿಗೆ ರಜೆ ಮುಗಿದದ್ದೇ ಆಕೆ ಬೇರೆ ಊರಿನ ಆಸ್ಪತ್ರೆ ಸೇರಿಬಿಟ್ಟಳು.

ಆಕೆಯನ್ನು ಕೊನೆಯ ಬಾರಿ ಕಂಡದ್ದು ಟಿವಿಡೇಲ್‌ನ ಬಾಲಾಜಿ ದೇವಸ್ಥಾನದಲ್ಲಿ. ದರ್ಶನಕ್ಕೆ ಬಂದಿದ್ದ ಡಾಕ್ಟರು “ಎಲ್ಲಿ, ನಮ್ಮ ಮರಿ ಡಾಕ್ಟರ್?” ಎನ್ನುತ್ತ ಪ್ರ್ಯಾಮ್ ಗಾಡಿಯಲ್ಲಿದ್ದ ಮಗುವಿನತ್ತ ಎರಡೂ ಕೈ ಚಾಚಿದರು.

“ಮಲಗ್ಯಾನ್ರಿ ಸರ್,” ಎಂದು ಆಕೆ ಪ್ರ್ಯಾಮ್ ತಿರುಗಿಸಿಕೊಂಡು ಹೊರಟಳು. ಮಗು ಕಣ್ಣು ಪಿಳಿಪಿಳಿ ಬಿಡುತ್ತ ಅವರನ್ನೇ ನೋಡುತ್ತಿತ್ತು.