ಶನಿವಾರದ ಸೂಜಿ

ಬನವಾಸಿಯ ಅನಾನಸ್ ಹೊಲಗಳಲ್ಲಿ ಹಣ್ಣು ಕೊಯ್ಯುವ ಹೆಂಗಸರ ಗುಂಪಿಗೆ ಕಲ್ಲವ್ವನೇ ಮುಂದಾಳು. ನಲವತ್ತೆಂಟರ ಆಕೆಗೆ ಎರಡು ವರ್ಷದ ಹಿಂದೆ ಬಿಡದ ತಲೆನೋವು ಶುರುವಾಯಿತು. ಬಿಸಿನೀರು ಮೈಮೇಲೆ ಬಿದ್ದರೆ ಸಾಕು, ತಡೆಯಲಾರದ ತುರಿಕೆ. ಶಿರಸಿಯಲ್ಲಿ ರಕ್ತ ಪರೀಕ್ಷೆ ಮಾಡಿದವರು ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ಡಾಕ್ಟರ್ ಚೇತನಾ, ಇದು ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್, ಒಂದು ಜೀನ್ ಕೆಟ್ಟು ಕೆಂಪು ಕಣಗಳು ಮಿತಿಮೀರಿ ಹುಟ್ಟುತ್ತಿವೆ ಎಂದರು. ಪ್ರತಿ ಶನಿವಾರಕ್ಕೊಂದು ಇಂಟರ್‌ಫೆರಾನ್ ಎಂಬ ಔಷಧದ ಸೂಜಿ ಬರೆದರು.

"ಅದು ಒಳಗ ಹೋಗಿ ಏನ್ ಮಾಡ್ತೈತ್ರಿ?" ಕಲ್ಲವ್ವ ಕೇಳಿದಳು.

ಗಂಡ ವೀರಪ್ಪ ಮೆಲ್ಲಗೆ ಗದರಿದ. "ನಮಗ್ಯಾಕ ಅದೆಲ್ಲ? ಸುಮ್ಕಿರು."

"ಚುಚ್ಚೂದು ನನಗ. ನಾ ಕೇಳಾಕಿನ."

ಡಾಕ್ಟರ್ ಕುರ್ಚಿ ಹತ್ತಿರ ಎಳೆದುಕೊಂಡರು. "ಈ ಸೂಜಿಯಲ್ಲಿರೋದು ಒಂದು ಪ್ರೋಟೀನ್. ವೈರಸ್ ಬಂದಾಗ ನಿಮ್ಮ ದೇಹವೇ ಇಂಥದ್ದನ್ನ ಮಾಡಿ ಕಣಗಳಿಗೆ ಸುದ್ದಿ ಮುಟ್ಟಿಸ್ತದೆ. ಅದು ಕಣದ ಹೊರಮೈಗೆ ಅಂಟಿದ್ರೆ ಒಳಗಿನ ಕೆಲವು ಜೀನ್‌ಗಳು ಎಚ್ಚರಾಗ್ತವೆ, ಕೆಲವು ಸುಮ್ಮನಾಗ್ತವೆ. ಕೆಟ್ಟ ಕಣಗಳ ಹುಟ್ಟು ಕಡಿಮೆ ಆಗ್ತದೆ. ಆದ್ರೆ ಜ್ವರ, ಸುಸ್ತು ಇರ್ತದೆ."

"ಇರ್ಲಿ."

ಮೊದಲ ಶನಿವಾರ ಸೂಜಿ ಚುಚ್ಚಿಸಿಕೊಂಡು ಬಂದವಳಿಗೆ ಎರಡು ಕಂಬಳಿ ಹೊದಿಸಿದರೂ ನಡುಕ ನಿಲ್ಲಲಿಲ್ಲ. "ಈ ಸೂಜೀನ ಬ್ಯಾಡ," ಎಂದು ವೀರಪ್ಪ ಅಂಗಲಾಚಿದ.

"ಒಳಗ ಸುದ್ದಿ ಮುಟ್ಟೈತಿ, ಅದಕ್ಕ ಗದ್ಲ," ಹಲ್ಲು ಕಟಕಟಿಸುತ್ತಲೇ ಅಂದಳು. "ಮುಂದಿನ ಶನಿವಾರಾನೂ ಹೋಗಾಕಿನ."

ಭಾನುವಾರ ಮಲಗಿದಳು. ಸೋಮವಾರ ಹೊಲಕ್ಕೆ ಹೋದರೆ ಗುತ್ತಿಗೆದಾರ ಸಂಜಯ ದಾರಿಗೆ ಅಡ್ಡ ನಿಂತ. "ರೋಗದ ಕೈ ಹಣ್ಣಿಗೆ ಬ್ಯಾಡವ್ವಾ. ಮನ್ಯಾಗಿರು."

"ಇದು ಮುಟ್ಟಿದ್ರ ಹತ್ತೂ ರೋಗ ಅಲ್ಲ. ಬೇಕಾದ್ರ ಡಾಕ್ಟ್ರಿಗೆ ಫೋನ್ ಹಚ್ಚು," ಎಂದವಳೇ ಅವನನ್ನು ದಾಟಿ ಹೊಲಕ್ಕಿಳಿದಳು. ಸಂಜಯ ಉಳಿದವರನ್ನು ಬೇರೆ ಹೊಲಕ್ಕೆ ಕರೆದ. ಯಾರೂ ಅತ್ತ ಹೆಜ್ಜೆ ಇಡಲಿಲ್ಲ. ಹೊನ್ನಮ್ಮ ಮೊದಲು, ಅವಳ ಹಿಂದೆ ಮಿಕ್ಕವರು, ಎಲ್ಲರೂ ಕಲ್ಲವ್ವನ ಸಾಲಿಗೇ ಬಂದರು. ಮಧ್ಯಾಹ್ನದ ಹೊತ್ತಿಗೆ ಲಾರಿ ತುಂಬಿತು. ಸಂಜಯ ಮತ್ತೆ ಆ ಮಾತೆತ್ತಲಿಲ್ಲ.

ಒಂದೂವರೆ ವರ್ಷವಾಯಿತು. ಮೊನ್ನೆ ಹುಬ್ಬಳ್ಳಿಯ ಪರೀಕ್ಷೆಯಲ್ಲಿ, ರಕ್ತದಲ್ಲಿ ಶೇಕಡಾ ಅರವತ್ತರಷ್ಟಿದ್ದ ಆ ಕೆಟ್ಟ ಜೀನಿನ ಪ್ರಮಾಣ ಹದಿನೆಂಟಕ್ಕೆ ಇಳಿದಿತ್ತು. ವೀರಪ್ಪ ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡ.

"ಪೂರ್ತಿ ಹೋಗಿಲ್ಲ ಕಲ್ಲವ್ವ," ಎಂದರು ಡಾಕ್ಟರ್. "ಹೋಗ್ತದೆ ಅಂತ ಮಾತು ಕೊಡೋಕೂ ಆಗೋದಿಲ್ಲ."

"ನಿಮ್ಮ ಮಾತು ಯಾರ್ ಬೇಡ್ಯಾರ್ರಿ? ಅದು ಇರೂತನಾ ನಾನೂ ಬರ್ತೀನಿ. ಮುಂದಿನ ಚೀಟಿ ಬರೀರಿ."